ಪೈಮಾಲ್: ಅರೆಪಾರದರ್ಶಕ ಸರ್ಫೇಸ್ ಒಳಗೆ ಲಿಗ್ಯಾಂಡ್ ಮಂಕಾಗಿ ಕಾಣುತ್ತಿದೆ

ಪ್ರಶ್ನೆ:
ಅಣುಗಳ ಚಿತ್ರ ಮಾಡುವ ಪೈಮಾಲ್ ತಂತ್ರಾಂಶದಲ್ಲಿ, ಎಚ್‌ಐವಿ ಪ್ರೋಟಿಯೇಸ್ (ವೈರಸ್‌ನ ಒಂದು ಕಿಣ್ವ) ಮತ್ತು ಅದಕ್ಕೆ ಅಂಟಿಕೊಂಡ ಲಿಗ್ಯಾಂಡ್, ಅಂದರೆ ಇಂಡಿನಾವಿರ್ ಔಷಧ, ಇರುವ ರಚನೆಯ (ಪ್ರೋಟೀನ್ ರಚನೆಗಳ ಸಂಗ್ರಹವಾದ ಪಿಡಿಬಿಯಲ್ಲಿ 1ಎಚ್‌ಎಸ್‌ಜಿ) ಚಿತ್ರ ಮಾಡುತ್ತಿದ್ದೇನೆ. ಸರ್ಫೇಸ್‌ಗೆ (ಪ್ರೋಟೀನಿನ ಹೊರಮೈ) ಟ್ರಾನ್ಸ್‌ಪರೆನ್ಸಿ (ಪಾರದರ್ಶಕತೆ) 0.5 ಕೊಟ್ಟರೆ ಹಿಂದಿನ ಮುಂದಿನ ಪದರಗಳೆಲ್ಲ ಕಲಸಿಹೋಗುತ್ತವೆ, ತಿರುಗಿಸಿದಾಗ ತೇಪೆಗಳು ಬಂದು ಹೋಗುತ್ತವೆ. 0.8ಕ್ಕೆ ಏರಿಸಿದರೆ ಲಿಗ್ಯಾಂಡ್ ಕಾಣುತ್ತದೆ, ಆದರೆ ಪಾಕೆಟ್‌ನ (ಲಿಗ್ಯಾಂಡ್ ಕೂರುವ ಕುಳಿ) ಆಕಾರವೇ ಗೊತ್ತಾಗುವುದಿಲ್ಲ. ಏನು ಮಾಡಬೇಕು?

ಉತ್ತರ 1:
ಸಂಖ್ಯೆ ಬದಲಿಸುವ ಮೊದಲು ಮೋಡ್ ನೋಡಿ. ತೇಪೆ ಕಾಣುತ್ತಿದೆ ಎಂದರೆ ಟ್ರಾನ್ಸ್‌ಪರೆನ್ಸಿ ಮೋಡ್ 0ರಲ್ಲಿ ಇರುವ ಹಾಗಿದೆ. ಸರ್ಫೇಸ್ ಅನ್ನು ರಚಿಸುವ ಅರೆಪಾರದರ್ಶಕ ತ್ರಿಕೋನಗಳನ್ನು ದೂರದ್ದು ಮೊದಲು, ಹತ್ತಿರದ್ದು ಆಮೇಲೆ ಎಂಬ ಕ್ರಮದಲ್ಲಿ ಬರೆದರಷ್ಟೇ ಬಣ್ಣ ಸರಿಯಾಗಿ ಬೆರೆಯುವುದು. 0ರಲ್ಲಿ ಆ ವಿಂಗಡಣೆ ನಡೆಯುವುದಿಲ್ಲ. ಸೆಟ್ಟಿಂಗ್ ಮೆನುವಿನಲ್ಲಿ ಟ್ರಾನ್ಸ್‌ಪರೆನ್ಸಿ ತೆರೆದು ಯೂನಿ-ಲೇಯರ್ ಆರಿಸಿ (ಮೋಡ್ 2). ಆಗ ಕಣ್ಣಿಗೆ ಹತ್ತಿರವಿರುವ ಪದರ ಮಾತ್ರ ಉಳಿಯುತ್ತದೆ. ಪಾಕೆಟ್ ಚಿತ್ರಕ್ಕೆ ಇದೇ ಸಾಕು. ಹಿಂದಿನ ಗೋಡೆಯೂ ಬೇಕೆಂದರೆ ಮಲ್ಟಿ-ಲೇಯರ್ (ಮೋಡ್ 1), ಆದರೆ ಗಜಿಬಿಜಿ ಹೆಚ್ಚು.

ಉತ್ತರ 2:
ಮೇಲಿನದು ಸರಿ, ಆದರೆ ಮಂಕುತನಕ್ಕೆ ಇನ್ನೂ ಕಾರಣಗಳಿವೆ. ಲಿಗ್ಯಾಂಡ್ ಅಣುವಿನ ನಡುಮಧ್ಯದಲ್ಲಿರುವುದರಿಂದ ಡೆಪ್ತ್ ಕ್ಯೂನ (ದೂರದ್ದನ್ನು ಮಸುಕಾಗಿಸುವ ಸೆಟ್ಟಿಂಗ್) ಮಂಜು ಅದರ ಮೇಲೂ ಬೀಳುತ್ತದೆ. ಅದನ್ನು 0 ಮಾಡಿ. ರೇ ಆಜ್ಞೆ (ಬೆಳಕು, ನೆರಳು ಲೆಕ್ಕ ಹಾಕಿ ಚಿತ್ರ ಮಾಡುವುದು) ಕೊಟ್ಟಾಗ ಸರ್ಫೇಸ್‌ನ ನೆರಳು ಬಿದ್ದು ಕಪ್ಪಾದರೆ ರೇ ಶ್ಯಾಡೋಸ್ ಆಫ್ ಮಾಡಿ. ಸರ್ಫೇಸ್‌ಗೆ ಗಾಢ ಬಣ್ಣ ಬೇಡವೇ ಬೇಡ: 0.5ರಲ್ಲಿ ಕಾಣುವ ಬಣ್ಣದ ಅರ್ಧ ಪಾಲು ಸರ್ಫೇಸ್‌ನದೇ. ತಿಳಿಬೂದು ಇಟ್ಟು, ಲಿಗ್ಯಾಂಡ್‌ನ ಕಾರ್ಬನ್‌ಗಳಿಗೆ ಹಳದಿ ಕೊಡಿ.

ಈ ರಚನೆಯಲ್ಲಿ ನಿಜವಾಗಿ ಅಡ್ಡ ಬರುವುದು ಎರಡು ಫ್ಲ್ಯಾಪ್‌ಗಳು (ಪಾಕೆಟ್ ಮೇಲೆ ಮುಚ್ಚಳದಂತಿರುವ ಭಾಗಗಳು). ಇಡೀ ಸರ್ಫೇಸ್‌ಗೆ ಒಂದೇ ಬೆಲೆ ಕೊಡುವ ಅಗತ್ಯವಿಲ್ಲ. ಒಟ್ಟಾರೆ 0.4 ಇಟ್ಟು, ಆಮೇಲೆ ಅದೇ ಸೆಟ್ ಆಜ್ಞೆಯ ಕೊನೆಗೆ ಫ್ಲ್ಯಾಪ್‌ಗಳ ರೆಸಿಡ್ಯೂ (ಅಮೈನೋ ಆಮ್ಲ) 46ರಿಂದ 54ರ ಆಯ್ಕೆ ಸೇರಿಸಿ ಅವಕ್ಕೆ ಮಾತ್ರ 0.8 ಕೊಡಿ. ಪ್ರೋಟಿಯೇಸ್‌ನ ಎರಡೂ ಸರಪಳಿಗಳಿಗೆ ಅನ್ವಯಿಸುತ್ತದೆ. ಪಾಕೆಟ್‌ನ ಆಕಾರ ಉಳಿದುಕೊಂಡು ಇಂಡಿನಾವಿರ್ ಚೆನ್ನಾಗಿ ಕಾಣುತ್ತದೆ.

ಪ್ರಶ್ನಿಸಿದವರು:
ಮೋಡ್ 0 ಇತ್ತು, ಹೌದು. ಫ್ಲ್ಯಾಪ್‌ಗಳಿಗೆ ಬೇರೆ ಬೆಲೆ ಕೊಟ್ಟ ಮೇಲೆ ತುಂಬ ಸ್ಪಷ್ಟವಾಯಿತು. ವಿಎಂಡಿಯಲ್ಲೂ (ಇಂಥದೇ ಇನ್ನೊಂದು ತಂತ್ರಾಂಶ) ಹೀಗೆಯೇ?

ಉತ್ತರ 3:
ಅಲ್ಲಿ ಲೆಕ್ಕ ತಿರುಗುಮುರುಗು: ಮೆಟೀರಿಯಲ್‌ನ ಒಪ್ಯಾಸಿಟಿ 1 ಎಂದರೆ ಪೂರ್ತಿ ಅಪಾರದರ್ಶಕ, ಪೈಮಾಲ್‌ನ ಟ್ರಾನ್ಸ್‌ಪರೆನ್ಸಿ 1 ಎಂದರೆ ಪೂರ್ತಿ ಮಾಯ. ಡಿಸ್ಪ್ಲೇ ಮೆನುವಿನ ರೆಂಡರ್‌ಮೋಡ್‌ನಲ್ಲಿ ಜಿಎಲ್‌ಎಸ್‌ಎಲ್ ಆರಿಸಿ, ಪರದೆಯ ಮೇಲೇ ಗುಣಮಟ್ಟ ಸುಧಾರಿಸುತ್ತದೆ. ಕೊನೆಯ ಚಿತ್ರಕ್ಕೆ ಟಾಕಿಯಾನ್ (ವಿಎಂಡಿಯಲ್ಲಿ ರೇ ತರಹದ ಚಿತ್ರ ಮಾಡುವ ಸಾಧನ) ಬಳಸಿ. ಪದರಗಳು ಗೊಂದಲ ಮಾಡಿದರೆ ಟಾಕಿಯಾನ್ ಆಜ್ಞೆಯಲ್ಲಿ ಟ್ರಾನ್ಸ್-ಮ್ಯಾಕ್ಸ್-ಸರ್ಫೇಸಸ್ ಆಯ್ಕೆಯನ್ನು 1ಕ್ಕೆ ಇಡಿ, ಮೊದಲ ಪದರ ಮಾತ್ರ ಬರುತ್ತದೆ.