ಊರು ಇಂಡಿ, ಕೆಲಸ ಪುಣೆಯಲ್ಲಿ: ಸರ್ಕಾರಿ ತರಬೇತಿ, ಸಾಲ ಎಲ್ಲಿ ಕೇಳಬೇಕು?

ವಾಕಡ್ ಕನ್ನಡಿಗ:
ನಮ್ಮ ಕಡೆ ಕಟ್ಟಡ ಕೆಲಸ ಮಾಡುವ ಒಂದು ಕುಟುಂಬದ ಪರವಾಗಿ ಕೇಳುತ್ತಿದ್ದೇನೆ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ತಂದೆ ಗೌಂಡಿ (ಗಾರೆ ಕೆಲಸದವರು), 48 ವರ್ಷ. ಮಗನಿಗೆ 22, ಎಸ್ಸೆಸ್ಸೆಲ್ಸಿ ಫೇಲು, ಅದೇ ಸೈಟಿನಲ್ಲಿ ಬಿಗಾರಿ (ಸಹಾಯಕ ಕೂಲಿ), ದಿನಗೂಲಿ 600 ರೂ. ಆಧಾರ್, ಬಿಪಿಎಲ್ ಕಾರ್ಡು, ಹಿಂದುಳಿದ ವರ್ಗದ ಜಾತಿ ಪ್ರಮಾಣಪತ್ರ ಎಲ್ಲ ಊರಿನ ವಿಳಾಸದಲ್ಲೇ ಇವೆ. ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತೋದು) ಕಲಿತು ಊರಲ್ಲಿ ಅಂಗಡಿ ಹಾಕಬೇಕು ಅನ್ನೋದು ಹುಡುಗನ ಆಸೆ. ಇಲ್ಲೊಬ್ಬ ಏಜೆಂಟ್ "ಸರ್ಕಾರಿ ಸೀಟು, 8,000 ಡಿಪಾಸಿಟ್ ಕಟ್ಟಿದರೆ ಸರ್ಟಿಫಿಕೇಟಿನ ಜೊತೆ ಸಾಲವೂ ಗ್ಯಾರಂಟಿ" ಅಂತಿದ್ದಾನಂತೆ. ನಂಬಬಹುದಾ? ಪುಣೆಯಲ್ಲೇ ಕಲಿಯೋದು ಒಳ್ಳೆಯದಾ, ಊರಿಗೆ ಹೋಗಬೇಕಾ? ತಂದೆಗೂ ಏನಾದರೂ ಸೌಲಭ್ಯ ಇದ್ದರೆ ತಿಳಿಸಿ.

ಭೀಮಾತೀರದವ:
ಒಂದು ರೂಪಾಯಿನೂ ಕೊಡಬ್ಯಾಡ್ರಿ. ಆರ್‌ಸೆಟಿ (ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸೋ, ಬ್ಯಾಂಕುಗಳು ನಡೆಸೋ ತರಬೇತಿ ಸಂಸ್ಥೆ) ಇರಲಿ, ದೀನದಯಾಳ್ ಗ್ರಾಮೀಣ ಕೌಶಲ ಯೋಜನೆ ಇರಲಿ, ತರಬೇತಿ, ಊಟ, ವಸತಿ ಪೂರ್ತಿ ಉಚಿತ. ಡಿಪಾಸಿಟ್ ಅನ್ನೋದೇ ಇಲ್ಲ. ಸಾಲ ಮಂಜೂರು ಮಾಡೋದು ಬ್ಯಾಂಕು, ಅದರ ಗ್ಯಾರಂಟಿ ಯಾವ ಏಜೆಂಟನ ಕೈಯಾಗೂ ಇಲ್ಲ. ಆಧಾರ್ ಜೆರಾಕ್ಸ್, ಓಟಿಪಿ ಈಗಾಗಲೇ ಕೊಟ್ಟಿದ್ದರೆ ಹುಡುಗನ ಹೆಸರಲ್ಲಿ ಯಾವುದಾದರೂ ಸಾಲ ಎದ್ದಿದೆಯಾ ಅಂತ ಸಿಬಿಲ್ ವರದಿ ತೆಗೆದು ನೋಡ್ರಿ. ವರ್ಷಕ್ಕೊಮ್ಮೆ ಅದು ಪುಕ್ಕಟೆ ಸಿಗತೈತಿ.

ಕೊತ್ರೂಡ್ ಮಾಮಾ:
ಎರಡು ಯೋಜನೆಗಳ ದಾರಿ ಬೇರೆ ಬೇರೆ. 2014ರಲ್ಲಿ ಶುರುವಾದ ದೀನದಯಾಳ್ ಯೋಜನೆ ನೌಕರಿಗೆ ಸೇರಿಸುವಂಥದ್ದು. 15ರಿಂದ 35 ವಯಸ್ಸಿನ ಗ್ರಾಮೀಣ ಬಡ ಕುಟುಂಬದವರಿಗೆ, ಹೆಣ್ಣುಮಕ್ಕಳಿಗೆ 45ರ ತನಕ. ತರಬೇತಿ ಮೂರು ತಿಂಗಳಿಂದ ಮೇಲಕ್ಕೆ. ಕಡೆಗೆ ಸಿಗುವುದು ಯಾವುದೋ ಗೋದಾಮು, ಹೋಟೆಲು, ಕಾರ್ಖಾನೆಯಲ್ಲಿ ಆರಂಭದ ಸಂಬಳದ ಕೆಲಸ. ಈಗಾಗಲೇ ದಿನಕ್ಕೆ 600 ದುಡಿಯುವ ಹುಡುಗನಿಗೆ ಅದು ಹಿಂದಕ್ಕೆ ಹೆಜ್ಜೆ ಇಟ್ಟಂತೆ ಅನ್ನಿಸಬಹುದು. ಎಷ್ಟೋ ಮಂದಿ ನೌಕರಿ ಸೇರಿದ ಎರಡನೇ ತಿಂಗಳಿಗೇ ಬಿಡುವುದು ಇದಕ್ಕೇ: ಖೋಲಿ ಬಾಡಿಗೆ, ಊಟ ಕಳೆದರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ.

ಸ್ವಂತ ಅಂಗಡಿಯ ಆಸೆ ಇರುವವರಿಗೆ ಆರ್‌ಸೆಟಿಯೇ ಸರಿ. ಇದು ನಮ್ಮದೇ ನಾಡಿನ ಮಾದರಿ. 1982ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಮಾಡಿತು. ಪುಣೆ ಜಿಲ್ಲೆಗೂ ಒಂದಿದೆ, ಆದರೆ ಪಾಠ ಮರಾಠಿಯಲ್ಲಿ, ಆದ್ಯತೆ ಈ ಜಿಲ್ಲೆಯ ಹಳ್ಳಿಯವರಿಗೆ. ಹುಡುಗನ ಕಾಗದ, ಮುಂದಿನ ಅಂಗಡಿ, ಸಾಲ ಕೊಡಬೇಕಾದ ಬ್ಯಾಂಕು ಎಲ್ಲ ಇಂಡಿ ಕಡೆಯೇ ಇರುವಾಗ ವಿಜಯಪುರದ ರುಡ್‌ಸೆಟ್‌ಗೇ (ಆ ಜಿಲ್ಲೆಯ ಆರ್‌ಸೆಟಿ ಅದೇ) ಹೋಗಲಿ. ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರೇ ಬೆನ್ನು ಹತ್ತಿ ವಿಚಾರಿಸುತ್ತಾರೆ, ಬ್ಯಾಂಕಿಗೆ ಅರ್ಜಿ ದಾಟಿಸುತ್ತಾರೆ. ಪುಣೆಯಲ್ಲಿ ಕಲಿತರೆ ಆ ಆಸರೆ ಇಂಡಿಯ ತನಕ ಬರುವುದಿಲ್ಲ.

ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ದುರಸ್ತಿ 30 ದಿನದ ಕೋರ್ಸು. ಒಂದು ತಂಡಕ್ಕೆ 25ರಿಂದ 35 ಜನ, ಹಾಜರಿ ಬೆರಳಚ್ಚಿನಲ್ಲಿ. ವರ್ಷದ ವೇಳಾಪಟ್ಟಿಯಲ್ಲಿ ಈ ಕೋರ್ಸು ಯಾವ ತಿಂಗಳಲ್ಲಿದೆ ಎಂದು ಫೋನ್ ಮಾಡಿ ಕೇಳಿ, ಹೆಸರು ಮೊದಲೇ ಬರೆಸಿಡಿ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಫೋಟೋ, ಶಾಲೆಯ ಟಿಸಿ ಇದ್ದರೆ ಸಾಕು.

ಸೇರುವ ಮೊದಲು ತಪ್ಪದೆ ಕೇಳಬೇಕಾದ ಪ್ರಶ್ನೆ: ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರು ಎಷ್ಟು ಕಲಿಸುತ್ತೀರಿ? ಬಾವಿ ದಂಡೆಯ ಮೋನೊಬ್ಲಾಕಿಗೆ (ಪಂಪು, ಮೋಟಾರು ಒಂದೇ ಆಗಿರುವಂಥದ್ದು) ಎನಾಮಲ್ ತಂತಿ ಸುತ್ತಿ ವಾರ್ನಿಶ್ ಹಾಕಿ ಒಣಗಿಸುತ್ತಾರೆ. ನೀರು ತುಂಬಿದ ಸಬ್‌ಮರ್ಸಿಬಲ್ ಮೋಟಾರಿನಲ್ಲಿ ಸುರುಳಿ ನೀರಲ್ಲೇ ಮುಳುಗಿರುತ್ತದೆ. ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ, ವಾರ್ನಿಶ್ ಇಲ್ಲ, ಸುತ್ತುವ ರೀತಿಯೇ ಬೇರೆ. ಹೊದಿಕೆಗೆ ಒಂದು ಗೀರು ಬಿದ್ದರೂ ನೀರಿಗಿಳಿಸಿದ ಕೂಡಲೇ ಸುಡುತ್ತದೆ, ಮೋಟಾರು ಮತ್ತೆ ಮೇಲೆತ್ತುವ ಖರ್ಚು ನಿಮ್ಮ ತಲೆಗೆ. ಕಲಿಯುವವರು ಸಾಮಾನ್ಯವಾಗಿ ಎಡವುವುದು ಇನ್ನೊಂದರಲ್ಲಿ: ಸುಟ್ಟ ಸುರುಳಿಯನ್ನು ಸುತ್ತು ಎಣಿಸದೆ, ತಂತಿಯ ಗೇಜು (ದಪ್ಪ) ಅಳೆಯದೆ, ಯಾವ ಸ್ಲಾಟಿನಿಂದ (ತಂತಿ ಕೂರುವ ಸೀಳು) ಯಾವ ಸ್ಲಾಟಿಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳದೆ ಉಳಿಯಿಂದ ಕಡಿದು ಹಾಕುವುದು. ಆಮೇಲೆ ಅಂದಾಜಿನಲ್ಲಿ ಸುತ್ತಿದ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಮೂವತ್ತು ದಿನ ಮುಗಿದ ಮೇಲೆ ಇಂಡಿಯಲ್ಲೋ ಸಿಂದಗಿಯಲ್ಲೋ ಹಳೆಯ ಅಂಗಡಿಯಲ್ಲಿ ಮೂರ್ನಾಲ್ಕು ತಿಂಗಳು ಕೈ ಪಳಗಿಸಿಕೊಳ್ಳಲಿ. ಕೋರ್ಸು ಮುಗಿದ ಮರುದಿನವೇ ಬೋರ್ಡು ಹಾಕುವುದು ಬೇಡ.

ವಾಕಡ್ ಕನ್ನಡಿಗ:
ತುಂಬಾ ಉಪಕಾರ ಆಯ್ತು ಮಾಮಾ. ಮನೆಯವರ ಚಿಂತೆ ಅಂದರೆ ತಿಂಗಳ ಕೂಲಿ ಹೋಗುತ್ತೆ ಅನ್ನೋದು. 26 ಹಾಜರಿ ಲೆಕ್ಕ ಹಿಡಿದರೆ 15,600. ಸ್ಟೈಪೆಂಡ್ ಏನೂ ಇಲ್ವಾ?

ಕೊತ್ರೂಡ್ ಮಾಮಾ:
ಆರ್‌ಸೆಟಿಯಲ್ಲಿ ಸ್ಟೈಪೆಂಡ್ ಇಲ್ಲ, ಅದನ್ನು ಮೊದಲೇ ಹೇಳಿಬಿಡಿ. ಜೂನ್, ಜುಲೈ ಮಳೆಯಲ್ಲಿ ಇಲ್ಲಿ ಸ್ಲ್ಯಾಬ್ ಕೆಲಸ ಹೇಗೂ ತಗ್ಗುತ್ತದೆ. ಆ ಹೊತ್ತಿನ ತಂಡಕ್ಕೆ ಸೇರಿದರೆ ಪೆಟ್ಟು ಕಡಿಮೆ. ಗುತ್ತೇದಾರನ ಹತ್ತಿರ ಮುಂಗಡ ಇದ್ದರೆ ತೀರಿಸಿಯೇ ಹೊರಡಲಿ, ಇಲ್ಲದಿದ್ದರೆ ನಡುವೆ ಫೋನ್ ಬಂದು ತರಬೇತಿ ಅರ್ಧಕ್ಕೇ ನಿಲ್ಲುತ್ತದೆ.

ಮುಲುಂಡ್ ಲೆಕ್ಕಿಗ:
ಸಾಲದ ಲೆಕ್ಕ ನಾನು ಹೇಳುತ್ತೇನೆ. ಪಿಎಂಇಜಿಪಿ ನೋಡಿ, ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಸಹಿತ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರದ ಯೋಜನೆ. 2022ರ ಪರಿಷ್ಕೃತ ನಿಯಮದಂತೆ ಗ್ರಾಮೀಣ ಪ್ರದೇಶದಲ್ಲಿ ಹಿಂದುಳಿದ ವರ್ಗದವರಿಗೆ ಸಬ್ಸಿಡಿ ಶೇ. 35, ಸ್ವಂತ ಪಾಲು ಶೇ. 5. ಸೇವಾ ಘಟಕ 5 ಲಕ್ಷದ ಒಳಗಿದ್ದರೆ ವಿದ್ಯಾರ್ಹತೆಯ ಷರತ್ತಿಲ್ಲ. ಅಂಗಡಿಯ ಯೋಜನಾ ವೆಚ್ಚ 4 ಲಕ್ಷ ಎಂದುಕೊಳ್ಳಿ: ಹುಡುಗ 20,000 ಹಾಕಬೇಕು, ಬ್ಯಾಂಕು 3,80,000 ಕೊಡುತ್ತದೆ. ಸಬ್ಸಿಡಿಯ 1,40,000 ಅವನ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಸಾಲದ ಅಷ್ಟು ಭಾಗಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷ ಅಂಗಡಿ ನಡೆದಿದೆ ಎಂದು ಸ್ಥಳ ಪರಿಶೀಲನೆಯಲ್ಲಿ ಖಚಿತವಾದ ಮೇಲೆ ಸಾಲಕ್ಕೆ ಜಮಾ. ನಡುವೆ ಬಾಗಿಲು ಹಾಕಿ ಪುಣೆಗೆ ವಾಪಸ್ ಬಂದರೆ ಆ ಸಬ್ಸಿಡಿ ಸರ್ಕಾರಕ್ಕೆ ಹಿಂದಿರುಗುತ್ತದೆ, ಪೂರ್ತಿ ಸಾಲ ಅವನ ಮೇಲೆ ಉಳಿಯುತ್ತದೆ. ಇದನ್ನು ಆ ಮನೆಯ ಎಲ್ಲರಿಗೂ ಕೂರಿಸಿಕೊಂಡು ತಿಳಿಸಿ.

ಯೋಜನಾ ವರದಿಯನ್ನು ಸೈಬರ್ ಅಂಗಡಿಯವರು ಹಳೆಯ ನಮೂನೆ ನಕಲು ಮಾಡಿ ಕೊಡುತ್ತಾರೆ, ಎಲ್ಲ ಹಣ ಯಂತ್ರಕ್ಕೇ ತೋರಿಸಿರುತ್ತಾರೆ. ಈ ಕಸುಬಿನಲ್ಲಿ ದುಡ್ಡು ತಿನ್ನುವುದು ತಾಮ್ರದ ತಂತಿ. ರೈತರು ಬೆಳೆ ಬಂದಮೇಲೆ ಕೊಡುತ್ತೇವೆ ಅನ್ನುತ್ತಾರೆ, ಅಂಗಡಿಯವ ತಂತಿಗೆ ನಗದು ಎಣಿಸಬೇಕು. ದುಡಿಯುವ ಬಂಡವಾಳಕ್ಕೆ ಜಾಗ ಇಡಲೇಬೇಕು. ಜಮೀನಿನ ಬೆಲೆ ಸೇರಿಸುವಂತಿಲ್ಲ. ಯಂತ್ರದ ಕೊಟೇಶನ್ ಜಿಎಸ್‌ಟಿ ನಂಬರ್ ಇರುವ ಅಂಗಡಿಯದೇ ಆಗಿರಲಿ. ಅರ್ಜಿ ಹಾಕುವ ಮೊದಲು ಊರಿನ ಶಾಖೆಯ ಮ್ಯಾನೇಜರರನ್ನು ಕಂಡು ಮಾತಾಡಲಿ. 10 ಲಕ್ಷದ ತನಕ ಅಡಮಾನ ಕೇಳುವಂತಿಲ್ಲ, ಆದರೆ ಹುಡುಗನ ಹೆಸರಲ್ಲಿ ಮೈಕ್ರೋಫೈನಾನ್ಸ್ ಕಂತು ಬಾಕಿ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಭೀಮಾತೀರದವ:
ತಂದೆಯವರಿಗೆ ಪಿಎಂ ವಿಶ್ವಕರ್ಮ ಐತ್ರಿ, ಕೈಕಸುಬಿನವರಿಗೆ ಇರೋ ಕೇಂದ್ರದ ಯೋಜನೆ. ಅದರ 18 ಕಸುಬಿನಾಗ ಗೌಂಡಿ ಕೆಲಸಾನೂ ಸೇರೈತಿ. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000ದ ವೋಚರ್, ಆಮೇಲೆ ಶೇ. 5ರ ಬಡ್ಡಿಗೆ 1 ಲಕ್ಷ ಸಾಲ, 18 ತಿಂಗಳ ಕಂತು. ಮನೆಗೆ ಒಬ್ಬರಿಗಷ್ಟೇ ನೋಂದಣಿ, ಮದುವೆಯಾಗದ ಮಗನೂ ಅದೇ ಮನಿ ಲೆಕ್ಕ. ಹಾಗಾಗಿ ಇದನ್ನ ತಂದೆ ಹೆಸರಲ್ಲೇ ಮಾಡಿಸ್ರಿ.

ನೋಂದಣಿ ಸಾಮಾನ್ಯ ಸೇವಾ ಕೇಂದ್ರದಾಗ. ಗೌಂಡಿಗಳಿಗೆ ಅಲ್ಲೇ ಒಂದು ತೊಡಕು ಬರತೈತಿ: ಸಿಮೆಂಟಿನಾಗ ವರ್ಷಗಟ್ಟಲೆ ಕೈಯಾಡಿಸಿ ಬೆರಳಿನ ಗೆರಿ ಸವೆದಿರತಾವ, ಯಂತ್ರ ಹಿಡಿಯಂಗಿಲ್ಲ. ಮೊದಲು ಆಧಾರ್ ಕೇಂದ್ರಕ್ಕ ಹೋಗಿ ಹತ್ತೂ ಬೆರಳು, ಕಣ್ಣು ಹೊಸದಾಗಿ ಕೊಟ್ಟು, ಈಗಿನ ಮೊಬೈಲ್ ನಂಬರ್ ಜೋಡಿಸಿಕೊಂಡು ಬರಲಿ. ಎರಡು ದಿನ ಸಿಮೆಂಟ್ ಮುಟ್ಟದೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋದರೆ ಹಿಡಿಯೋದು ಹೆಚ್ಚು. ಮುಂದ ಅರ್ಜಿ ಪರಿಶೀಲನೆಗೆ ಊರಿನ ಪಂಚಾಯ್ತಿಗೆ ಹೋಗತೈತಿ. ಅಲ್ಲಿ ಕೇಳೋರಿಲ್ಲದೆ ತಿಂಗಳಗಟ್ಟಲೆ ಕೂತಿರತಾವ. ಊರಾಗಿನ ಯಾರಾದರೂ ಅರ್ಜಿ ನಂಬರ್ ಹಿಡಿದು ಪಿಡಿಒ ಹತ್ತಿರ ಹೋಗಿ ವಿಚಾರಿಸಬೇಕು.

ಪುಣೆಯಾಗ ಇರೋತನಕ ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಮಂಡಳಿಯಾಗೂ ಇಬ್ಬರ ಹೆಸರು ಬರೆಸ್ರಿ. ಹಿಂದಿನ 12 ತಿಂಗಳಾಗ 90 ದಿನ ದುಡಿದಿದ್ದಕ್ಕ ಗುತ್ತೇದಾರನ ಪತ್ರ ಬೇಕು, ಸೈಟು ಬಿಡೋ ಮೊದಲೇ ಕೇಳಿ ಇಟ್ಕೊಳ್ಳಿ. ಸೈಟು ಮುಗಿದ ಮೇಲೆ ಗುತ್ತೇದಾರ ಕೈಗೆ ಸಿಗಂಗಿಲ್ಲ.