ಪೋರ್ಟ್ ಲೆಕ್ಕ ಸರಿಯಿದ್ರೂ ಬಾಸ್ ಬರೀ ಗುಂಯ್ ಅಂತಿದೆ, ಯಾರಾದ್ರೂ ಹೇಳ್ರಪ್ಪ

ಕತ್ರಿಗುಪ್ಪೆ_ಕೋನ್:
ಮನೇಲೇ ಸ್ಪೀಕರ್ ಪೆಟ್ಟಿಗೆ ಮಾಡ್ತಿದೀನಿ, ಮೂರು ಭಾನುವಾರ ಹಾಳಾಯ್ತು. 8 ಇಂಚ್ ವೂಫರ್ (ಬಾಸ್ ಸ್ಪೀಕರ್), 18 ಎಂಎಂ ಪ್ಲೈ, ಎಲ್ಲಾ ಕಳೆದು ಒಳಗಿನ ಜಾಗ 40 ಲೀಟರ್, ಟ್ಯೂನಿಂಗ್ (ಪೈಪಿನ ಗಾಳಿ ಜೋರಾಗಿ ಅನುರಣಿಸೋ ಸ್ವರ) 35 ಹರ್ಟ್ಜ್, ಪೋರ್ಟಿಗೆ, ಅಂದ್ರೆ ಗಾಳಿ ಹೊರಗೆ ಬರೋ ತೂತಿಗೆ, 75 ಎಂಎಂ ಪಿವಿಸಿ ಪೈಪು 18.4 ಸೆಂ.ಮೀ. ಉದ್ದ, ಲೆಕ್ಕ ನಾಲ್ಕು ಸಲ ನೋಡಿದೀನಿ ತಪ್ಪಿಲ್ಲ. ಆದ್ರೂ ತಮಟೆ ಹಾಕಿದ್ರೂ ಗುಂಯ್, ಮೃದಂಗ ಹಾಕಿದ್ರೂ ಗುಂಯ್. ಕೆಳಗಡೆ ಮನೆ ಆಂಟಿ ಬೋರ್ ಕೊರೆಸ್ತಿದೀಯೇನಪ್ಪಾ ಅಂದ್ರು.

ಪ್ಲೈವುಡ್_ಪುಟ್ಟ:
ಒಳಗೆ ಪಾಲಿಫಿಲ್ (ದಿಂಬಿಗೆ ತುಂಬೋ ಕೃತಕ ಹತ್ತಿ) ಹಾಕಿಲ್ಲ ಅಲ್ವಾ? ಅದೇ. ಹಳೇ ದಿಂಬು ಕಿತ್ತು ತುಂಬಿ.

ಓಮ್ಸ್_ಲಾಯರ್:
75 ಅನ್ನೋದು ಪೈಪಿನ ಹೊರಗಿನ ಅಳತೆ ಗುರು, ಒಳಗಡೆ 70 ಬರುತ್ತೆ.

ಕತ್ರಿಗುಪ್ಪೆ_ಕೋನ್:
7 ಸೆಂ.ಮೀ. ಅಂತಲೇ ಹಾಕಿರೋದು, ಅಷ್ಟೂ ಗೊತ್ತಿಲ್ವಾ.

ಪ್ಲೈವುಡ್_ಪುಟ್ಟ:
ಹತ್ತಿ ಹಾಕಿ ನೋಡಿ ಆಮೇಲೆ ಮಾತಾಡಿ. ನಂದು ಕೂಡ ಹಿಂಗೇ ಆಗಿತ್ತು.

ಎಂಡಿಎಫ್_ಮಂಜ:
ಪ್ಲೈ ಯಾಕೆ ತಗೊಂಡ್ರಿ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ರೆ ಇಷ್ಟು ರಿಂಗ್ ಆಗ್ತಿರ್ಲಿಲ್ಲ.

ಪ್ಲೈವುಡ್_ಪುಟ್ಟ:
ನಮ್ಮೂರ ಮಳೆಗೆ ನಿಮ್ಮ ಎಂಡಿಎಫ್ ಇಡ್ಲಿ ಥರ ಉಬ್ಬುತ್ತೆ ಸ್ವಾಮಿ.

ಎಂಡಿಎಫ್_ಮಂಜ:
ಪ್ರೈಮರ್ ಹೊಡೆಯೋಕೆ ಬರ್ದೇ ಇರೋರಿಗೆ ಉಬ್ಬುತ್ತೆ. ನಂದು ಆರು ವರ್ಷದಿಂದ ಹಂಗೇ ಇದೆ, 12 ಇಂಚ್, 110 ಲೀಟರ್, ಬೆಂಗಳೂರಿನ ಎಸ್‌ಪಿ ರೋಡಿಂದ ಆಟೋದಲ್ಲಿ ಮಡಿಲ ಮೇಲಿಟ್ಕೊಂಡು ತಂದ ವೂಫರ್.

ಓಮ್ಸ್_ಲಾಯರ್:
ಇವರ ಜಗಳ ಬಿಡಿ. ಫೋನಲ್ಲಿ ಟೋನ್ ಆ್ಯಪ್ ಹಾಕ್ಕೊಂಡು 100 ಹರ್ಟ್ಜಿಂದ ನಿಧಾನಕ್ಕೆ ಇಳಿಸ್ತಾ ಬನ್ನಿ, ವಾಲ್ಯೂಮ್ ಕಮ್ಮಿ ಇರ್ಲಿ, ವೂಫರಿನ ಕೋನ್ (ಅಲ್ಲಾಡೋ ಹಾಳೆ) ಮೇಲೆ ಬೆರಳು ಹಗುರಕ್ಕೆ ಇಡಿ. ಎಲ್ಲಿ ಅಲ್ಲಾಡೋದು ತೀರಾ ಕಮ್ಮಿಯಾಗಿ ಪೈಪಿಂದ ಗಾಳಿ ಜೋರಾಗುತ್ತೋ ಅದೇ ನಿಮ್ಮ ನಿಜವಾದ ಟ್ಯೂನಿಂಗ್.

ಕತ್ರಿಗುಪ್ಪೆ_ಕೋನ್:
50ರ ಹತ್ರ ಕೋನ್ ನಿಂತೇಹೋಯ್ತು. ಎರಡೂ ಪೈಪಿಂದ ಗಾಳಿ ಬರ್ತಿದೆ.

ಓಮ್ಸ್_ಲಾಯರ್:
ಎರಡೂ ಪೈಪಾ???

ಕತ್ರಿಗುಪ್ಪೆ_ಕೋನ್:
ಹೂಂ, ಆ ಕಡೆ ಒಂದು ಈ ಕಡೆ ಒಂದು, ನೋಡೋಕೆ ಚೆನ್ನಾಗಿರುತ್ತೆ ಅಂತ. ಅದರಲ್ಲೇನಿದೆ?

ಓಮ್ಸ್_ಲಾಯರ್:
ಅದರಲ್ಲೇ ಎಲ್ಲಾ ಇರೋದು! 18.4 ಒಂದು ಪೈಪಿನ ಲೆಕ್ಕ. ಅದೇ ಉದ್ದದ್ದು ಎರಡು ಹಾಕಿದ್ರೆ ಟ್ಯೂನಿಂಗ್ 1.41 ಪಟ್ಟು ಮೇಲೆ ಹೋಗುತ್ತೆ, 35 ಹೋಗಿ 49.5. ಸೂತ್ರ ನೋಡಿ: 23562.5 ಇಂಟು ಸೆಂ.ಮೀ.ನಲ್ಲಿ ಒಳ ವ್ಯಾಸದ ವರ್ಗ ಇಂಟು ಪೈಪೆಷ್ಟು, ಅದನ್ನ ಹರ್ಟ್ಜ್ ವರ್ಗ ಇಂಟು ಲೀಟರಿಂದ ಭಾಗಿಸಿ, ಬಂದಿದ್ರಲ್ಲಿ 0.732 ಇಂಟು ವ್ಯಾಸ ಕಳೀರಿ, ಉಳಿದಿದ್ದು ಒಂದೊಂದು ಪೈಪಿನ ಉದ್ದ. ಎರಡು ಪೈಪಿಗೆ ಒಂದೊಂದೂ 42 ಸೆಂ.ಮೀ. ಬೇಕು. ಸದ್ಯಕ್ಕೆ ಒಂದಕ್ಕೆ ಸಾಕ್ಸ್ ತುರುಕಿ.

ಪ್ಲೈವುಡ್_ಪುಟ್ಟ:
ನಾನು ಹೇಳಿದ್ದೂ ಅದೇ ಅಲ್ವಾ, ಬಟ್ಟೆ ತುಂಬಿ ಅಂತ.

ಕತ್ರಿಗುಪ್ಪೆ_ಕೋನ್:
ಎರಡು ಸಾಕ್ಸ್ ಬಿಗಿಯಾಗಿ ತುರುಕಿದೆ. ತಮಟೆ ಈಗ ತಮಟೆ ಥರ ಕೇಳ್ತಿದೆ, ಥ್ಯಾಂಕ್ಸ್ ಗುರು. ಆದ್ರೆ ವಾಲ್ಯೂಮ್ ಏರಿಸಿದ್ರೆ ಉಳಿದಿರೋ ಪೈಪು ಫುಸ್ ಫುಸ್ ಅಂತಿದೆ.

ಓಮ್ಸ್_ಲಾಯರ್:
ಪೈಪು ಸಣ್ಣದು, ಗಾಳಿ ಸ್ಪೀಡ್ ಜಾಸ್ತಿ. ಬಾಯಿ ಅಂಚು ಗುಂಡಗೆ ಉಜ್ಜಿ, ಸ್ವಲ್ಪ ಕಮ್ಮಿಯಾಗುತ್ತೆ. ಇಲ್ಲಾಂದ್ರೆ 110 ಎಂಎಂ ಪೈಪು ಒಂದೇ, ಒಳಗೆ 10.4 ಅಂತ ಇಟ್ಕೊಂಡ್ರೆ 44 ಸೆಂ.ಮೀ., ಎಲ್ಬೋ ಹಾಕಿ ಬಗ್ಗಿಸ್ಬೇಕು.

ಕತ್ರಿಗುಪ್ಪೆ_ಕೋನ್:
ಆ ಎಲ್ಬೋ ಒಳಗೆ ತಿನ್ನೋ ಜಾಗ 40 ಲೀಟರಿಂದ ಕಳೀಬೇಕಾ?

ಎಂಡಿಎಫ್_ಮಂಜ:
ನನ್ನ 110 ಲೀಟರಲ್ಲಿ ಅಂಥ ತಲೆನೋವೇ ಇಲ್ಲ. ಫೋಟೋ ಹಾಕ್ಲಾ?