ಸಹಾಯ ಬೇಕು: ಘಾಟಿಯಿಂದ ನಂದಿಗೆ ಗಾಡಿ ಓಡಾಡದ ಕಾಲುದಾರಿ ಇದೆಯಾ?

ಎಲ್ರಿಗೂ ನಮಸ್ಕಾರ. ನಾನು, ನಮ್ಮಣ್ಣ ಇಬ್ರೂ ಯಲಹಂಕದವರು. ಕಾರು, ಬೈಕು ಮುಟ್ಟದೆ ಎರಡು ದಿನ ನಡೀಬೇಕು ಅಂತ ತುಂಬಾ ಆಸೆ. ಮಾಕಳಿದುರ್ಗದಲ್ಲಿ ರೈಲಿಳಿದು ಘಾಟಿ ಸುಬ್ರಹ್ಮಣ್ಯ, ಮಾರನೇ ದಿನ ಸುಲ್ತಾನ್‌ಪೇಟೆ ಮೆಟ್ಟಿಲು ಹತ್ತಿ ನಂದಿಬೆಟ್ಟ (1,478 ಮೀಟರ್), ಕೆಳಗಿಳಿದು ಭೋಗನಂದೀಶ್ವರನ ದರ್ಶನ, ನಂದಿ ಹಾಲ್ಟ್‌ನಲ್ಲಿ ವಾಪಸ್ ರೈಲು. ಎರಡೂ ಲೈನು ಯಲಹಂಕಕ್ಕೇ ಬರೋದ್ರಿಂದ ನಮಗೆ ಹೇಳಿ ಮಾಡಿಸಿದ ಹಾಗಿದೆ.

ಹೋದ ತಿಂಗಳು ಹೊರಟೂ ಬಿಟ್ವಿ. ಘಾಟಿವರೆಗೆ ತೊಂದ್ರೆ ಆಗ್ಲಿಲ್ಲ. ಅಲ್ಲಿಂದ ಮುಂದೆ ಮೊಬೈಲ್ ಮ್ಯಾಪು ಬರೀ ಡಾಂಬರು ರೋಡಿಗೇ ಎಳೀತು. ಪಕ್ಕದಲ್ಲಿ ಕಾಲಿಡೋಕೂ ಜಾಗ ಇಲ್ಲ, ಟಿಪ್ಪರ್ ಬಂದಾಗಲೆಲ್ಲ ಮುಳ್ಳುಪೊದೆಗೆ ಒತ್ತಿಕೊಂಡು ನಿಲ್ಲಬೇಕು. ಅಣ್ಣನ ತೋಳೆಲ್ಲ ಗೀರು. ಆಮೇಲೆ ಒಂದು ಕೆರೆ ಏರಿ ಹಿಡಿದು ಬಂಡಿದಾರಿಗೆ ಇಳಿದ್ವಿ. ರಾಗಿ ಹೊಲ, ಹುಣಸೆ ನೆರಳು, ಅರ್ಧ ಗಂಟೆ ಒಂದೂ ಹಾರ್ನ್ ಕೇಳಿಸಲಿಲ್ಲ! ಆದ್ರೆ ದಾರಿ ದ್ರಾಕ್ಷಿ ತೋಟದ ತಂತಿಬೇಲಿಗೆ ಮುಗಿದುಹೋಯ್ತು. ಬೇರೆಯವರ ತೋಟಕ್ಕೆ ನುಗ್ಗೋದು ತಪ್ಪು, ಹಾಗಾಗಿ ಹಿಂದಕ್ಕೆ ಬಂದು ದೊಡ್ಡಬಳ್ಳಾಪುರದ ಬಸ್ ಹತ್ತಿದ್ವಿ. ಊರಿನವರನ್ನ ಕೇಳಿದ್ರೆ ಎಲ್ಲರೂ ಬಸ್ಸಿನ ದಾರಿಯನ್ನೇ ತೋರಿಸ್ತಾರೆ.

ಆ ಕಡೆಯವರು, ನಡೆದು ಗೊತ್ತಿರೋರು ದಯವಿಟ್ಟು ಹೇಳಿ: ಘಾಟಿಯಿಂದ ಸುಲ್ತಾನ್‌ಪೇಟೆಗೆ ಯಾವ ಯಾವ ಹಳ್ಳಿ ಮೇಲೆ ಹೋದ್ರೆ ಬಂಡಿದಾರಿ, ಕೆರೆ ಏರಿ ಸಿಗುತ್ತೆ? ಜಾತ್ರೆ ಸಮಯ ಬಿಟ್ಟು ಹೋಗೋರಿಗೆ ರಾತ್ರಿ ಘಾಟಿಯಲ್ಲೇ ತಂಗೋದು ಅನುಕೂಲವೋ, ಇಲ್ಲ ದೊಡ್ಡಬಳ್ಳಾಪುರದಲ್ಲಿ ರೂಮ್ ಮಾಡಿ ಬೆಳಿಗ್ಗೆ ಬಸ್ಸಲ್ಲಿ ಬರೋದೋ?